ನಕ್ಷತ್ರ ತೂಗದ ಶುಕ್ರವಾರ

ಎರ್ಲನ್‌ರೀಟ್
ಭಾನುವಾರ, ಫೆಬ್ರವರಿ ೫, ೧೯೫೬

ಆಫ್ರಾ ಪುಟ್ಟೀ,

ಕೂತುಕೊಂಡು ಓದು. ಇದು ನಿಂತು ಓದುವಂಥ ಕಾಗದ ಅಲ್ಲ. ಆರೋಗ್ಯ ಗೀರೋಗ್ಯ ಎಲ್ಲ ಕೊನೆಗೆ ಬರೀತೀನಿ, ಹಾಳೆಯಲ್ಲಿ ಜಾಗ ಉಳಿದರೆ.

ನಿನ್ನ ಅಪ್ಪನ ಮೂಗು ಹೋಗಿದೆ!

ಗಾಬರಿಯಾಗಬೇಡ, ಮೂಗು ಮುಖದ ಮೇಲೇ ಇದೆ. ವೋಲ್ಫ್ರಮ್ ವಂಶದ ಆ ಗುಡ್ಡ ಅಷ್ಟು ಸುಲಭಕ್ಕೆ ಎಲ್ಲಿಗೂ ಹೋಗೋದಿಲ್ಲ. ಹೋಗಿರೋದು ವಾಸನೆ. ಕ್ರಿಸ್ಮಸ್ ಕಳೆದ ಮೇಲೆ ಜ್ವರ ಹಿಡಿದು ಮಲಗಿದ್ದನಲ್ಲ, ಆ ಜ್ವರ ಇಳಿಯುವಾಗ ವಾಸನೆ ರುಚಿ ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಹೋಗಿದೆ. ಯಾರಿಗೂ ಹೇಳಿಲ್ಲ ಕಳ್ಳ. ಹೆತ್ತ ತಾಯಿಗೂ ಹೇಳಿಲ್ಲ.

ನಾನು ಹಿಡಿದದ್ದು ಹೀಗೆ. ಮೊನ್ನೆ ಒಲೆ ಮೇಲೆ ಒಣಗಲು ಹಾಕಿದ್ದ ಉಣ್ಣೆ ಕಾಲುಚೀಲ ಸುಟ್ಟು ಮನೆಯೆಲ್ಲ ನಾತ. ನಶ್ಯ ಏರಿಸಿ ಏರಿಸಿ ಸತ್ತುಹೋಗಿರೋ ನನ್ನ ಮೂಗಿಗೇ ಕೊಟ್ಟಿಗೆವರೆಗೂ ಬಡೀತು. ಓಡಿಬಂದು ನೋಡಿದರೆ ಇವನು ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದ್ತಾ ಇದಾನೆ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು! ಅಲ್ಲೇ ಅನುಮಾನ ಬಂತು. ಮಾರನೇ ಬೆಳಗ್ಗೆ ಕಾಫಿಗೆ ವಿನಿಗರ್ ಹಾಕಿ ಕೊಟ್ಟೆ. ಕುಡಿದ. ಪೂರ್ತಿ ಕುಡಿದ. ಲೋಟ ಕೆಳಗಿಟ್ಟು, "ಇವತ್ತು ಕಾಫಿ ಹದವಾಗಿದೆ ಅಮ್ಮಾ" ಅಂದ.

ತಳದಲ್ಲಿ ಉಳಿದ ತೊಟ್ಟನ್ನ ನಾನೇ ನೆಕ್ಕಿ ನೋಡಿದೆ ಕಣೇ, ಶುದ್ಧ ವಿನಿಗರ್.

ಬೇರೆ ಯಾರಿಗಾದರೂ ವಾಸನೆ ಬರದಿದ್ದರೆ ಲೋಕ ಮುಳುಗೋದಿಲ್ಲ. ಇವನಿಗೆ ಬರದಿದ್ದರೆ ನಮ್ಮ ಲೋಕ ಮುಳುಗುತ್ತೆ. ಈ ಸಲ ಬಿಯರ್ ಬೇಯಿಸೋಕೆ ಮನೆಮನೆಯ ಚೀಟಿ ಎತ್ತಿದಾಗ ನಮ್ಮ ಮನೆಗೆ ಜನವರಿ ಕೊನೆಯ ಸರದಿ ಬಂತು. ಊರಭಟ್ಟಿಮನೆಯಲ್ಲಿ ಬೇಯಿಸಿದ್ದಾಯ್ತು, ಬಿಯರ್ ಈಗ ನಮ್ಮ ನೆಲಮಾಳಿಗೆಯಲ್ಲಿ ಪಕ್ವವಾಗ್ತಾ ಕೂತಿದೆ. ಬಾಗಿಲ ಮೇಲೆ ನಕ್ಷತ್ರ ತೂಗುಹಾಕಿ ಊರವರನ್ನ ಕುಡಿಯೋಕೆ ಕರೆಯಬೇಕಾದ್ದು ಮಾರ್ಚ್ ಹದಿನಾರು, ಶುಕ್ರವಾರ. ಮೇಯರ್ ಚುನಾವಣೆ ಹದಿನೆಂಟು, ಭಾನುವಾರ! ಶುಕ್ರವಾರ ಕುಡಿದ ಬಾಯಲ್ಲೇ ಜನ ಭಾನುವಾರ ವೋಟು ಹಾಕ್ತಾರೆ. ಈ ಸಲವೂ ಮೇಯರ್‌ಗಿರಿಗೆ ನಿಂತಿರೋ ನಿನ್ನ ಅಪ್ಪನ ಎದುರಿಗೆ ನಿಂತಿರೋನು ಯಾರು ಗೊತ್ತಾ? ಹುಟ್ಸ್ಲರ್. ಹೌದು, ಅದೇ ಬಣ್ಣದ ಶರಬತ್ತು ಮಾರೋ ಹುಟ್ಸ್ಲರ್. ಗೆದ್ದರೆ ಭಟ್ಟಿಮನೆ ಕೆಡವಿ ಬಸ್ ನಿಲ್ದಾಣ, ಪೆಟ್ರೋಲ್ ಬಂಕು ಕಟ್ಟಿಸ್ತಾನಂತೆ. ನಕ್ಷೆ ಮಾಡಿಸಿ ಅಂಗಡಿ ಗಾಜಿಗೆ ಅಂಟಿಸಿದಾನೆ. ನಮ್ಮ ಭಟ್ಟಿಮನೆ ಇದ್ದ ಕಡೆ ಒಂದು ಚೌಕಾಕಾರದ ಹುಲ್ಲು, ಅದರ ಮೇಲೊಂದು ಬೆಂಚು. ಆ ಬೆಂಚಿನ ಮೇಲೆ ಯಾರು ಕೂರ್ತಾರೋ, ಅವನ ಹೆಂಡ್ತಿಯೇ ಕೂರಬೇಕು.

ಈಗ ಇನ್ನೊಂದು ಕೇಳು. ಬಿಯರ್ ಹುದುಗಿಸೋ ಹೆಪ್ಪು ನಮ್ಮ ಹಿಂದಿನ ಸರದಿಯ ಬಾಬೆಟ್ ಮನೆಯದು. ಅವಳು ಮಡಕೆ ತಂದು ಮುಂದಿಟ್ಟಳು. ನಿನ್ನ ಅಪ್ಪ ಎಲ್ಲರೆದುರು ಬಗ್ಗಿ ಮೂಸಿ ತಲೆ ಆಡಿಸಿದ. ಮೂಸಿ ತಲೆ ಆಡಿಸಿದ ಮೇಲೆ ಹೆಪ್ಪಿನ ಹೊಣೆ ತಗೊಂಡವನದು, ಕೊಟ್ಟವರದ್ದಲ್ಲ. ಅವನು ಏನು ಮೂಸಿದ? ಗಾಳಿ ಮೂಸಿದ!

ನೀನು ಬಾ. ನಮ್ಮ ಮನೇಲಿ ಮೂಗು ಅಂತ ಇದ್ದದ್ದು ನಿನಗೆ. ಹಲ್ಲು ಬೀಳೋ ವಯಸ್ಸಲ್ಲಿ ಮೆಟ್ಟಿಲ ಮೇಲೇ ನಿಂತು "ಮೂಲೆ ಪೀಪಾಯಿ ಸರಿಯಿಲ್ಲ ತಾತಾ" ಅಂದವಳು ನೀನು. ಬಂದು ಒಂದು ಸಲ ಮೂಸಿ ಹೇಳಿ ಹೋಗು. ನಿನ್ನ ಅಪ್ಪ ಸಭೆಗೆ ಹೋದಾಗ ಒಳಗೆ ಬಿಡ್ತೀನಿ. ಅವನಿಗೆ ನಾನು ಏನೂ ಹೇಳಿಲ್ಲ.

ಇಲ್ಲಿ ಚಳಿಗೆ ಬಾವಿ ಹಗ್ಗ ಕೋಲಾಗಿ ನಿಂತಿದೆ. ನನ್ನ ಮಂಡಿ ಚೆನ್ನಾಗಿಲ್ಲ. ಆರೋಗ್ಯ ಅಂದರೆ ಇಷ್ಟೇ.

ಇಲ್ಲಿಯ ಬಾಯಿಬಡುಕಿ,
ನಿನ್ನ ಅಜ್ಜಿ ವಾಲ್ಬುರ್ಗ

—

ಸೊಮ್ಮರ್‌ಬಾಖ್, ಮೈನ್ ನದಿ ದಂಡೆ
ಫೆಬ್ರವರಿ ೧೨

ಪ್ರೀತಿಯ ಅಜ್ಜಿ,

ಕೂತೇ ಓದಿದೆ. ಎದ್ದು ಇನ್ನೊಂದು ಸಲ ಓದಿದೆ.

ನಾನು ಬರುವುದಿಲ್ಲ. ಅಪ್ಪ ಸಭೆಗೆ ಹೋದಾಗ ಕಳ್ಳಿಯ ಹಾಗೆ ನನ್ನ ತಾತನ ನೆಲಮಾಳಿಗೆಗೆ ಇಳಿಯಲಾರೆ. ನಾಲ್ಕು ವರ್ಷದ ಹಿಂದೆ ಅದೇ ಮೆಟ್ಟಿಲ ಮೇಲೆ ನಿಂತು ಅಪ್ಪನನ್ನು ಕೇಳಿದ್ದೆ, ನಾನೇ ಬೇಯಿಸುತ್ತೇನೆ, ನನಗೆ ಕಲಿಸಿ ಅಂತ. "ಕೊಪ್ಪರಿಗೆ ಪಕ್ಕ ಜಾಗ ಇಲ್ಲ" ಅಂದರು. ಆ ಜಾಗ ಯಾರಿಗಾಗಿ ಕಾಯ್ದಿಟ್ಟಿದ್ದಾರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆಮೇಲೆ ನಾನು ವೈನ್ ಮಾಡುವವನನ್ನು ಮದುವೆಯಾದೆ ಅಂತ ಮದುವೆಗೂ ಬರಲಿಲ್ಲ. ನನ್ನ ಮೂಗು ಬೇಕಿದ್ದರೆ ಅವರೇ ಕೇಳಲಿ. ಅವರ ಬಾಯಲ್ಲೇ, ಇಲ್ಲ ಅವರ ಕೈಯಲ್ಲೇ.

ಇಲ್ಲೂ ಚಳಿ. ದ್ರಾಕ್ಷಿ ಬಳ್ಳಿಗಳು ಕರ್ರಗಾಗಿವೆ. ಲೋಥರ್ ದಿನಾ ಹೋಗಿ ಒಂದೊಂದೇ ಕೊಂಬೆ ಗೀರಿ ನೋಡುತ್ತಾನೆ, ಒಳಗೆ ಹಸಿರು ಇದೆಯಾ ಅಂತ. ಮನೆಗೆ ಬಂದು ಚಾಕು ಒರೆಸಿ ಇಡುತ್ತಾನೆ.

ಅಷ್ಟೇ. ಬರೆಯುವುದಕ್ಕೆ ಬೇರೇನೂ ಇಲ್ಲ.

ನೊರೆ ಹೇಗಿತ್ತು? ಹೆಪ್ಪು ಹಾಕಿದ ಮೇಲೆ ಎಷ್ಟು ಬೇಗ ಎದ್ದಿತು? ಎದ್ದಾಗ ಹೂಕೋಸಿನ ಹಾಗೆ ಗಟ್ಟಿಯಾಗಿತ್ತಾ, ಸೋಪಿನ ನೊರೆಯ ಹಾಗೆ ಸಡಿಲವಾಗಿತ್ತಾ? ಇಳಿಯುವಾಗ ತೊಟ್ಟಿಯ ಅಂಚಿಗೆ ಕಂದು ಗೆರೆ ಬಿಟ್ಟಿತಾ? ಬಾಬೆಟ್ ಅತ್ತೆ ಹೆಪ್ಪನ್ನು ಈ ಚಳಿಯಲ್ಲಿ ಎಲ್ಲಿಟ್ಟಿದ್ದರು? ನೀನು ನಾಲಿಗೆಗೆ ಹಚ್ಚಿ ನೋಡಿದೆಯಾ? ನಶ್ಯ ಹಾಕದೆ ನೋಡು.

ಸುಮ್ಮನೆ ಕೇಳಿದೆ.

ಆಫ್ರಾ

—

ಎರ್ಲನ್‌ರೀಟ್
ಫೆಬ್ರವರಿ ೨೬, ಭಾನುವಾರ, ಪೂಜೆ ಮುಗಿಸಿ ಬಂದು

"ಸುಮ್ಮನೆ" ಕೇಳಿದವಳೇ,

ಇದರ ಜೊತೆ ಬಾಟಲಿ ಬಂದಿದೆಯಲ್ಲ, ಮೊದಲು ಅದನ್ನ ಒಲೆಯಿಂದ ದೂರ ಇಡು. ನನ್ನ ಉಣ್ಣೆ ಲಂಗದಲ್ಲಿ ಸುತ್ತಿ ರೈಲಿನ ಗಾರ್ಡ್ ಕೈಯಲ್ಲಿ ಕೊಟ್ಟು, "ಇದು ಮೇಯರ್ ಮಗಳಿಗೆ ಔಷಧ, ಅಲ್ಲಾಡಿಸಿದರೆ ಸಿಡಿಯುತ್ತೆ" ಅಂತ ಹೆದರಿಸಿದೀನಿ. ಪಾಪ, ತೊಡೆ ಮೇಲಿಟ್ಟುಕೊಂಡೇ ಬರ್ತೀನಿ ಅಂದ. ನೀನು ಬರದಿದ್ದರೆ ಬಿಯರೇ ಬರುತ್ತೆ. ಇದರಲ್ಲಿ ಕಳ್ಳತನ ಏನೂ ಇಲ್ಲ, ನನ್ನ ಮನೆ ಬಿಯರನ್ನ ನಾನು ಎಲ್ಲಿಗಾದರೂ ಕಳಿಸ್ತೀನಿ.

ನಿನ್ನ ಪ್ರಶ್ನೆಗಳಿಗೆ ಉತ್ತರ. ನೊರೆ ನಿಧಾನಕ್ಕೆ ಎದ್ದಿತು. ಗಟ್ಟಿ ಅಂದರೆ ಗಟ್ಟಿ, ಸಡಿಲ ಅಂದರೆ ಸಡಿಲ, ನನ್ನ ಕಣ್ಣನ್ನ ನಂಬಬೇಡ. ಗೆರೆ ಇತ್ತು. ನಾಲಿಗೆಗೆ ಹಚ್ಚಿದೆ. ನನಗೆ ಎಳೆ ಬಿಯರ್ ಎಲ್ಲಾ ಹುಳಿಯೇ, ನಿನ್ನ ತಾತ ಬೇಯಿಸಿದಾಗಲೂ ಹಾಗೇ ಅಂದು ಬೈಸಿಕೊಳ್ತಿದ್ದೆ. ನಶ್ಯ ಬಿಟ್ಟು ನೋಡು ಅಂತ ಬರೆದಿದೀಯ. ಈ ಜನ್ಮದಲ್ಲಿ ಬೇರೇನಾದರೂ ಕೇಳು.

ಊರಲ್ಲಿ ಏನು ಗಲಾಟೆ ಅಂತೀಯ! ಇವತ್ತು ಚರ್ಚಿನ ಮೆಟ್ಟಿಲ ಮೇಲೇ ಶುರುವಾಯ್ತು. ಹುಟ್ಸ್ಲರ್ ಕರಿ ಕೋಟು ಹಾಕಿಕೊಂಡು ಬಂದು ನಿನ್ನ ಅಪ್ಪನ ಕೈ ಕುಲುಕಿ, ಎಲ್ಲರಿಗೂ ಕೇಳೋ ಹಾಗೆ, "ಮೇಯರ್ರೇ, ಚುನಾವಣೆಗೆ ಎರಡು ದಿನ ಮುಂಚೆ ಊರಿಗೆಲ್ಲ ಬಿಯರ್ ಹಂಚ್ತೀರಂತೆ? ಇದಕ್ಕೆ ಏನೋ ಹೆಸರಿದೆ" ಅಂದ.

"ಹಂಚಲ್ಲ, ಮಾರ್ತೀನಿ" ಅಂದ ನಿನ್ನ ಅಪ್ಪ. "ಸರದಿ ಚೀಟಿ ಎತ್ತಿದ್ದು ನಿಮ್ಮ ಭಾವಮೈದುನನ ಮಗು. ಬೇಕಿದ್ರೆ ಆ ಮಗೂನ ಕರೆಸಿ ವಿಚಾರಣೆ ಮಾಡಿ."

ಜನ ಘೊಳ್ಳಂತ ನಕ್ಕರು. ಹುಟ್ಸ್ಲರ್ ಬಿಡಲಿಲ್ಲ. "ಹಳೇ ಕಾಲದ ಕೊಪ್ಪರಿಗೆ ತಬ್ಬಿಕೊಂಡು ಕೂತ್ರೆ ಊರು ಮುಂದೆ ಹೋಗುತ್ತಾ?"

ಆಗ ಪೊಸ್ಪಿಶಿಲ್ ಮುಂದೆ ಬಂದ. ಛಾವಣಿ ಹೊದಿಸೋ ಪೊಸ್ಪಿಶಿಲ್, ನಿನಗೆ ನೆನಪಿರಬೇಕು. ಯುದ್ಧ ಮುಗಿದ ಚಳಿಗಾಲ ಗಡಿ ಆಚೆಯಿಂದ ಹೆಂಡ್ತಿ ಮಕ್ಕಳನ್ನ ಕಟ್ಟಿಕೊಂಡು ನಡೆದು ಬಂದವನು. ಅಂಥವರಿಗೆಲ್ಲ ಊರವರು ಬಾಗಿಲು ಹಾಕಿಕೊಂಡಾಗ ನಿನ್ನ ಅಪ್ಪ ಭಟ್ಟಿಮನೆ ಅಟ್ಟದಲ್ಲಿ ಹುಲ್ಲು ಹಾಸಿ ಮಲಗಿಸಿದ. ಕೊಪ್ಪರಿಗೆ ಕಾವಿಗೆ ಅವರ ಮಕ್ಕಳು ಉಳಿದವು. ಪೊಸ್ಪಿಶಿಲ್ ಹ್ಯಾಟು ತೆಗೆದು, "ಆ ಕೊಪ್ಪರಿಗೆ ನನ್ನ ಮಕ್ಕಳಿಗೆ ಒಂದು ಚಳಿಗಾಲ ತಾಯಿ ಹಾಗಿತ್ತು ಹುಟ್ಸ್ಲರ್. ಕೆಡವೋ ಮಾತನ್ನ ಅದು ಕೇಳಿಸಿಕೊಳ್ಳೋ ಹಾಗೆ ಆಡಬೇಡ" ಅಂದ.

ನಿನ್ನ ಅಪ್ಪ ಮಾತ್ರ ನಗಲಿಲ್ಲ. ದಿನಾ ನೆಲಮಾಳಿಗೆಗೆ ಇಳೀತಾನೆ, ಲೋಟಕ್ಕೆ ಸುರಿದುಕೊಳ್ತಾನೆ, ಮೂಗಿನ ಹತ್ರ ಹಿಡೀತಾನೆ. ನಾನು ಕಿಂಡಿಯಿಂದ ನೋಡಿದೀನಿ. ಕಣ್ಣು ಮುಚ್ಚಿಕೊಂಡು ನಿಂತೇ ಇರ್ತಾನೆ, ಯಾವುದೋ ಬಾಗಿಲು ತಟ್ಟಿ ಒಳಗಿಂದ ಯಾರಾದರೂ ಓ ಅಂತಾರಾ ಅಂತ ಕಾಯೋ ಹಾಗೆ.

ಜಾಗದ ಮಾತು ಬರೆದಿದೀಯ. ನಿನ್ನ ಅಣ್ಣ ವೆಂಡೆಲಿನ್ ನನಗೂ ಮೊಮ್ಮಗ ಕಣೇ. ಯುದ್ಧದಲ್ಲಿದ್ದಾಗ ರಷ್ಯಾದಿಂದ ಅವನ ಕೊನೇ ಕಾಗದ ಬಂದ ಮೇಲೆ ಏನೂ ಬಂದಿಲ್ಲ. ಸತ್ತ ಅಂತಲೂ ಬರಲಿಲ್ಲ. ಅದಕ್ಕೇ ನಿನ್ನ ಅಪ್ಪ ಜಾಗ ಇಟ್ಟ. ನಿನ್ನನ್ನ ದೂಡಿದ್ದು ತಪ್ಪೇ. ನಾನು ಅವನ ಪರ ವಕಾಲತ್ತು ಮಾಡ್ತಾ ಇಲ್ಲ. ಇಷ್ಟು ಬರೆದೆ, ಸಾಕು.

ಬೇಗ ಮೂಸಿ ಬರಿ. ನನಗೆ ಊಟ ಇಳೀತಾ ಇಲ್ಲ. ಅಂದರೆ ಇಳೀತಿದೆ, ರುಚಿಸ್ತಾ ಇಲ್ಲ.

ಅಜ್ಜಿ

—

ಸೊಮ್ಮರ್‌ಬಾಖ್
ಮಾರ್ಚ್ ೩

ಅಜ್ಜಿ,

ಬಾಟಲಿ ಸಿಡಿಯಲಿಲ್ಲ. ಗಾರ್ಡ್ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಇಳಿದ. ಸ್ಟೇಷನ್ನಿನಲ್ಲಿ ಎಲ್ಲರ ಮುಂದೆ ನಿನ್ನ ಲಂಗ ಬಿಚ್ಚಿ ನೋಡಬೇಕಾಯಿತು, ಸೊಮ್ಮರ್‌ಬಾಖ್‌ನಲ್ಲಿ ಈಗ ನಿನಗೆ ಹೆಸರಿದೆ.

ಹೇಳಿಬಿಡುತ್ತೇನೆ. ಕೋಸು. ಚಳಿಗಾಲಕ್ಕೆ ಉಪ್ಪಿನಲ್ಲಿ ಹಾಕಿಡುವ ಹುಳಿಕೋಸು.

ಮೊದಲ ಸಲ ಮೂಸಿದಾಗ ಸಿಕ್ಕಲಿಲ್ಲ. ಹಾಪ್ಸ್ ಹೂವಿನ ಕಹಿ ಬಂತು, ಒಲೆಯ ಹೊಗೆ ಬಂತು, ಭಟ್ಟಿಮನೆಯ ಒದ್ದೆ ಕಲ್ಲು ಕೂಡ ಬಂದ ಹಾಗಾಯಿತು. ಸ್ವಲ್ಪ ಹೊತ್ತು ಮೂಸುವುದನ್ನೇ ಮರೆತು ನಿಂತಿದ್ದೆ. ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಮೂಸಿದೆ. ಆಗ ಕೆಳಗಿನಿಂದ ಬಂತು, ಮೆಲ್ಲಗೆ, ಪೀಪಾಯಿ ಮುಚ್ಚಳ ತೆಗೆದಾಗ ಬರುವ ಆ ಕೋಸಿನ ಹುಳಿ. ಲೋಥರ್‌ಗೂ ಕೊಟ್ಟೆ. "ನಮ್ಮ ಕಡೆ ಕೆಲವರು ಇದಕ್ಕೆ ಒಳ್ಳೇ ಲೇಬಲ್ ಅಂಟಿಸಿ ಮಾರ್ತಾರೆ" ಅಂದ. ಅವನು ನಕ್ಕು ತುಂಬ ದಿನವಾಗಿತ್ತು.

ಈಗ ಕುಡಿದರೆ ಯಾರಿಗೂ ಅಷ್ಟು ಗೊತ್ತಾಗುವುದಿಲ್ಲ. ಆದರೆ ಅದು ಬೆಳೆಯುತ್ತಿದೆ. ಹದಿನಾರನೇ ತಾರೀಖಿಗೆ ಮೊದಲ ಗುಟುಕಿಗೇ ಮುಖ ಕಿವುಚುತ್ತಾರೆ. ಎಲ್ಲ ತೊಟ್ಟಿಗೂ ಅದೇ ಹೆಪ್ಪು ಹಾಕಿದ್ದರೆ ಎಲ್ಲವೂ ಹೋಯಿತು. ಸರಿಮಾಡುವ ಉಪಾಯ ಇಲ್ಲ ಅಜ್ಜಿ. ಇದ್ದಿದ್ದರೆ ಬರೆಯುತ್ತಿದ್ದೆ.

ಬಾಬೆಟ್ ಅತ್ತೆಯ ಮನೆಯಲ್ಲಿ ನೋಡು. ಬೈಯಬೇಡ, ನೋಡು ಅಷ್ಟೇ.

ಅಪ್ಪನಿಗೆ ಹೇಳಲೇಬೇಕು. ನಾನೇ ಹೇಳಿದೆ ಅಂತ ಹೇಳು. ಬೇಡ, ಹೇಳಬೇಡ. ನಿನ್ನಿಷ್ಟ.

ಆಫ್ರಾ

—

ಎರ್ಲನ್‌ರೀಟ್
ಮಾರ್ಚ್ ೧೭, ಶನಿವಾರ

ಆಫ್ರಾ, ನನ್ನ ಬಂಗಾರದ ಮೂಗೇ,

ಅವಸರದಲ್ಲಿ ಬರೀತಿದೀನಿ, ಅಕ್ಷರ ಕುಣಿದರೆ ಕುಣೀಲಿ. ನಾಳೆ ಚುನಾವಣೆ. ನಿನ್ನೆ ನಡೆದದ್ದನ್ನ ಇವತ್ತೇ ಬರೆಯದಿದ್ದರೆ ನಾನು ಒಡೆದುಹೋಗ್ತೀನಿ.

ಮೊದಲಿಂದ ಬರೀತೀನಿ. ನಿನ್ನ ಕಾಗದ ಬಂದ ದಿನವೇ ಬಾಬೆಟ್ ಮನೆ ನೆಲಮಾಳಿಗೆಗೆ ಇಳಿದೆ. ಅಡುಗೆಮನೆಯಲ್ಲಿ ಚಳಿಗೆ ಕೋಸು ಮಂಜುಗಟ್ಟುತ್ತೆ ಅಂತ ಕೋಸಿನ ಪೀಪಾಯಿಯನ್ನ ಕೆಳಗೆ ಇಳಿಸಿದಾಳೆ ಪುಣ್ಯಾತ್ಗಿತ್ತಿ! ಇಟ್ಟದ್ದೆಲ್ಲಿ? ಹೆಪ್ಪಿನ ಮಡಕೆಗೆ ಅಂಟಿಸಿಕೊಂಡೇ. ಎರಡಕ್ಕೂ ಒಂದೇ ಬಟ್ಟೆ ಮುಚ್ಚಿದ್ದಳು, ಗಂಡ ಹೆಂಡ್ತಿಗೆ ಒಂದೇ ಕಂಬಳಿ ಹೊದಿಸೋ ಹಾಗೆ. ಕೋಸಿನ ಹುಳಿ ಹೆಪ್ಪಿಗೂ ಹತ್ತಿದೆ. ನಾನು ಬಾಯಿ ಬಿಡಲಿಲ್ಲ. ನೀನು ಹೇಳಿದ್ದಕ್ಕೇ ಬಿಡಲಿಲ್ಲ, ಇಲ್ಲದಿದ್ದರೆ ಅವತ್ತು ಬಾಬೆಟ್ ಇರ್ತಿರಲಿಲ್ಲ. ಆದರೆ ನನ್ನ ಮುಖ ನೋಡೇ ಅವಳಿಗೆ ಅರ್ಥವಾಗಿಹೋಯ್ತು. ಮೆಟ್ಟಿಲ ಮೇಲೆ ಕುಕ್ಕರಿಸಿದಳು.

ಊಟದ ಹೊತ್ತಿಗೆ ನಿನ್ನ ಅಪ್ಪನ ಮುಂದೆ ನಿನ್ನ ಕಾಗದವನ್ನ ಗಟ್ಟಿಯಾಗಿ ಓದಿದೆ. ಅವನು ಚಮಚ ಕೆಳಗಿಡಲಿಲ್ಲ.

"ಯಾವಾಗಿಂದ ಗೊತ್ತು ನಿಂಗೆ?"

"ವಿನಿಗರ್ ಕಾಫಿಯಿಂದ."

"ಅದು ವಿನಿಗರಾ?"

"ಮತ್ತೆ ಗುಲಾಬಿ ನೀರಾ?"

ಕಾಗದವನ್ನ ನನ್ನ ಕೈಯಿಂದ ಇಸಿದುಕೊಂಡು ತಿರುಗಿಸಿ ನೋಡಿದ. "ಇದು ಅವಳೇ ಬರೆದಿದ್ದಾ?"

"ಇನ್ಯಾರು?"

"ರೈಲಲ್ಲಿ ಅಷ್ಟು ದೂರ ಹೋದ ಬಾಟಲಿಯಿಂದ ಕೋಸು ಅಂತ ಹಿಡಿದಳಾ?"

"ಹಿಡಿದಳು."

"ಅಪ್ಪನಿಗೂ ಆಗ್ತಿರಲಿಲ್ಲ" ಅಂದ. ಅಪ್ಪ ಅಂದರೆ ನಿನ್ನ ತಾತ. ಕೆಟ್ಟ ಸುದ್ದಿ ಕೇಳಿದವನ ಮುಖ ಅಲ್ಲ ಅದು. ಏನು ಮುಖ ಅಂತ ನನಗೆ ಬರೆಯೋಕೆ ಬರಲ್ಲ, ನಮ್ಮ ಹಳ್ಳಿ ಮೇಷ್ಟ್ರು ಅಷ್ಟು ದೂರ ಕಲಿಸಲಿಲ್ಲ.

ಈಗ ನನ್ನ ಕಥೆ. ನಾನು ಸುಮ್ಮನೆ ಕೂರೋಳಲ್ಲ ಅಂತ ನಿನಗೆ ಗೊತ್ತು. ಪಕ್ಕದ ಹಳ್ಳಿಯ ನನ್ನ ತಂಗಿ ಮಗನ ಹತ್ರ ಒಳ್ಳೇ ಬಿಯರ್ ಇತ್ತು. ಹುಲ್ಲಿನ ಗಾಡಿಯಲ್ಲಿ ಅಡಗಿಸಿ ತರೋಕೆ ಎಲ್ಲ ಮಾತಾಡಿ ಮುಗಿಸಿದ್ದೆ. ನಿನ್ನ ಅಪ್ಪನಿಗೆ ಗೊತ್ತಾಗಿಹೋಯ್ತು.

"ಅಮ್ಮಾ! ನಮ್ಮ ನಕ್ಷತ್ರದ ಕೆಳಗೆ ಇನ್ನೊಬ್ಬರ ಬಿಯರಾ?"

"ಯಾರಿಗೆ ಗೊತ್ತಾಗುತ್ತೋ?"

"ಊರಿಗೆ ಗೊತ್ತಾಗಲ್ಲ. ನಂಗೂ ರುಚಿ ಗೊತ್ತಾಗಲ್ಲ. ಅಷ್ಟಕ್ಕೇ ಅದು ನಮ್ಮ ಬಿಯರ್ ಆಗಿಬಿಡುತ್ತಾ?"

"ಹುಟ್ಸ್ಲರ್ ಬಂದ್ರೆ ಕೊಪ್ಪರಿಗೆಯೇ ಇರಲ್ಲ ಕಣೋ, ಅದನ್ನ ಯೋಚಿಸು ಕತ್ತೆ!"

"ಸುಳ್ಳು ಬಿಯರ್ ಕುಡಿಸಿ ಉಳಿಸಿಕೊಂಡ ಕೊಪ್ಪರಿಗೆ ಯಾಕಮ್ಮಾ?"

ಐವತ್ತು ದಾಟಿದ ಮಗನನ್ನ ಪೊರಕೆ ತಗೊಂಡು ಹೊಡೆಯೋಕೆ ಆಗಲ್ಲ. ಮನಸ್ಸು ಮಾತ್ರ ಬಂತು.

ನಿನ್ನೆ ಶುಕ್ರವಾರ. ಸಂಜೆ ಗಂಟೆ ಬಾರಿಸೋ ಮುಂಚೆಯೇ ನಮ್ಮ ಬೀದಿ ತುಂಬಿಹೋಯ್ತು. ಎಲ್ಲರೂ ತಲೆ ಎತ್ತಿ ಬಾಗಿಲ ಮೇಲಿನ ಕೊಂಡಿ ನೋಡ್ತಾರೆ. ಬರೀ ಕೊಂಡಿ. "ನಕ್ಷತ್ರ ಎಲ್ಲಿ ಮೇಯರ್ರೇ?" "ಎಣ್ಣೆ ಹಚ್ಚೋಕೆ ಕೊಟ್ಟಿದೀರಾ?" "ಹುಟ್ಸ್ಲರ್ ಕದ್ದನಾ?" ಹುಟ್ಸ್ಲರ್ ಕೂಡ ಬಂದಿದ್ದ, ಎದುರು ಕಟ್ಟೆ ಮೇಲೆ ಕೈಕಟ್ಟಿಕೊಂಡು.

ಆಗ ಪಕ್ಕದ ದೊಡ್ಡ ಬಾಗಿಲು ತೆಗೆದುಕೊಂಡಿತು. ನಿನ್ನ ಅಪ್ಪ ಒಂದು ಪೀಪಾಯಿ ಉರುಳಿಸಿಕೊಂಡು ಹೊರಗೆ ಬಂದ. ಚರ್ಮದ ಏಪ್ರನ್ ಹಾಕಿದ್ದ, ಅದರ ಮೇಲೆ ಮೇಯರ್ ಸರ ಇರಲಿಲ್ಲ, ಏನೂ ಇರಲಿಲ್ಲ. ಪೀಪಾಯಿಯನ್ನ ಚರಂಡಿ ಪಕ್ಕ ನಿಲ್ಲಿಸಿದ.

"ಬಿಯರ್ ಕೆಟ್ಟಿದೆ" ಅಂದ. "ಜನವರಿಯಿಂದ ನಂಗೆ ವಾಸನೆ ಇಲ್ಲ, ರುಚಿ ಇಲ್ಲ. ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ. ಮೂಗಿಲ್ಲದೆ ಬೇಯಿಸಿದೆ. ಇವತ್ತು ನಕ್ಷತ್ರ ಇಲ್ಲ."

ಅಷ್ಟೇ ಭಾಷಣ. ಪೀಪಾಯಿ ಬಾಯಿಯ ಬೆಣೆಗೆ ಸುತ್ತಿಗೆಯಿಂದ ಒಂದು ಏಟು ಹಾಕಿದ. ಬಿಯರ್ ಬುಸ್ ಅಂತ ಚರಂಡಿಗೆ ಹಾರಿತು! ಬೀದಿ ಉದ್ದಕ್ಕೂ ನೊರೆ. ಆ ಸದ್ದು ಕೇಳಿ ಮುದುಕರು ಕೆಲವರು ಟೋಪಿ ತೆಗೆದರು, ಹೆಣ ಹೋಗೋವಾಗ ತೆಗೆಯೋ ಹಾಗೆ.

ಹುಟ್ಸ್ಲರ್ ಕಟ್ಟೆಯಿಂದ ಕೂಗಿದ, "ಹೆಪ್ಪು ಯಾರ ಮನೇದು ಮೇಯರ್ರೇ? ಊರಿಗೆ ಗೊತ್ತಾಗಬೇಡ್ವಾ?"

ಎಲ್ಲರಿಗೂ ಗೊತ್ತಿತ್ತು ಯಾರದ್ದು ಅಂತ. ಬಾಬೆಟ್ ನನ್ನ ಪಕ್ಕದಲ್ಲೇ ನಿಂತಿದ್ದಳು, ಬಿಳಿಚಿಕೊಂಡು.

"ಮೂಸಿ ತಗೊಂಡವನು ನಾನು, ತಲೆ ಆಡಿಸಿದವನು ನಾನು" ಅಂದ ನಿನ್ನ ಅಪ್ಪ. "ಹೆಪ್ಪು ನನ್ನದು."

"ಸುಮ್ನಿರೋ ಕ್ವಿರಿನ್!" ಬಾಬೆಟ್ ಕಿರುಚಿದಳು. "ಕೋಸಿನ ಪಕ್ಕ ಇಟ್ಟವಳು ನಾನು! ಬೈಯೋದಿದ್ರೆ ನನ್ನ ಬೈರಿ, ಇವನನ್ನಲ್ಲ! ಚಳಿಗೆ ಬುದ್ಧಿ ಸೆಟೆದುಹೋಗಿತ್ತು ನಂದು!"

"ನೋಡಿದ್ರಾ ಸ್ವಾಮಿ" ಅಂದ ಹುಟ್ಸ್ಲರ್, "ಒಬ್ಬರಿಗೆ ಬುದ್ಧಿ ಇಲ್ಲ, ಒಬ್ಬರಿಗೆ ಮೂಗಿಲ್ಲ. ಊರು ಆಳೋಕೆ ಹೊರಟಿದಾರೆ."

ಒಬ್ಬಿಬ್ಬರು ನಕ್ಕರು. ಆಗ ಪೊಸ್ಪಿಶಿಲ್ ಬಾಯಿಬಿಟ್ಟ, ಮೆಲ್ಲಗೆ: "ನಮ್ಮ ಬಿಯರ್ ಕೆಡುತ್ತೆ ಹುಟ್ಸ್ಲರ್, ನಿಜ. ನಿನ್ನ ಶರಬತ್ತು ಎಷ್ಟು ವರ್ಷ ಇಟ್ರೂ ಕೆಡಲ್ಲ. ನಂಗೆ ಭಯ ಇರೋದು ಅದಕ್ಕೇ."

ಬೀದಿಗೆ ಬೀದಿಯೇ ನಕ್ಕಿತು ಕಣೇ! ಬಾಬೆಟ್ ಅಳುತ್ತಲೇ ನಕ್ಕಳು. ಆಮೇಲೆ ಪೊಸ್ಪಿಶಿಲ್ ಕೋಟು ಬಿಚ್ಚಿ ನಮ್ಮ ನೆಲಮಾಳಿಗೆಗೆ ಇಳಿದು ಎರಡನೇ ಪೀಪಾಯಿ ಉರುಳಿಸಿಕೊಂಡು ಬಂದ. ಹಿಂದೆ ಇನ್ನೊಬ್ಬ. ಅವನ ಹಿಂದೆ ಇನ್ನೊಬ್ಬ. ಬಿಯರ್ ಕುಡಿಯೋಕೆ ಬಂದವರೆಲ್ಲ ಚೆಲ್ಲೋಕೆ ನಿಂತರು. ಕೆಳಗಿನ ಓಣಿಯ ಬಾತುಕೋಳಿಗಳು ಚರಂಡಿಯಲ್ಲಿ ಕುಡಿದು ಪಾದ್ರಿಗಳ ಅಂಗಳಕ್ಕೆ ನುಗ್ಗಿ ರಂಪ ಮಾಡಿವೆ, ಅದೊಂದು ಬೇರೆ ದೂರು ಬಂದಿದೆ.

ಗೆಲ್ಲುತ್ತಾನೋ ಇಲ್ಲವೋ ಗೊತ್ತಿಲ್ಲ. ಇವತ್ತು ಬೆಳಗ್ಗೆ ಅಂಗಡಿಯಲ್ಲಿ ಕೆಲವರು ನನ್ನ ನೋಡಿ ಮಾತು ನಿಲ್ಲಿಸಿದರು. ಕೆಲವರು ಸುಮ್ಮಸುಮ್ಮನೆ ನನ್ನ ಬುಟ್ಟಿ ಹೊತ್ತುಕೊಟ್ಟರು. ಯಾವುದು ಒಳ್ಳೇದು ಯಾವುದು ಕೆಟ್ಟದ್ದು ತಿಳೀತಾ ಇಲ್ಲ.

ಮೇಣದ ಬತ್ತಿ ಹಚ್ಚು ನೀನೂ. ವೈನ್ ಊರಿನ ಬತ್ತಿಯಾದರೂ ಪರವಾಗಿಲ್ಲ.

ಹೆದರಿ ಕೂತಿರೋ
ಅಜ್ಜಿ

—

ಮಾರ್ಚ್ ೨೦

ಗೆದ್ದ!! ಗೆದ್ದ ಕಣೇ ಆಫ್ರಾ!

ಕೂದಲೆಳೆಯಷ್ಟರಲ್ಲಿ. ಎರಡು ಸಲ ಎಣಿಸಿದರು. ಹುಟ್ಸ್ಲರ್ ಮೂರನೇ ಸಲ ಎಣಿಸಿ ಅಂದ, ಎಣಿಸೋರು ಊಟಕ್ಕೆ ಎದ್ದುಹೋದರು. ಗೆದ್ದ ಗುರುತಿಗೆ ಭಟ್ಟಿಮನೆ ಚಿಮಣಿಗೆ ಯಾರೋ ಪೊರಕೆ ಕಟ್ಟಿ ರಿಬ್ಬನ್ ಸುತ್ತಿದಾರೆ. ಪೊಸ್ಪಿಶಿಲ್ ಅಲ್ಲದೆ ಅಷ್ಟು ಎತ್ತರ ಹತ್ತೋರು ಯಾರಿದಾರೆ?

ಎಲ್ಲರಿಗೂ ಒಂದೇ ಮಾತು ಹೇಳ್ತಾ ಬಂದೆ: ಪಂಚಾಯಿತಿ ಸಭೆಯಲ್ಲಿ ಕೂರೋನಿಗೆ ಮೂಗಿಲ್ಲದಿದ್ದರೇ ವಾಸಿ.

ಆದರೆ ಕೊಪ್ಪರಿಗೆಗೆ ಬೇಕು. ಸರದಿಯವರ ಸಭೆಯಲ್ಲಿ ನಮ್ಮ ಮನೆಗೆ ಏಪ್ರಿಲ್ ಹದಿನಾರಕ್ಕೆ ಇನ್ನೊಂದು ಸರದಿ ಕೊಟ್ಟರು. ಬೇಸಿಗೆಗೆ ಮುಂಚಿನ ಕೊನೇ ಬೆಂಕಿ ಅದು. ನಿನ್ನ ಅಪ್ಪ ಎದ್ದು ನಿಂತು, ನಾನು ಇನ್ನು ಬೇಯಿಸಲ್ಲ, ಮೂಗಿಲ್ಲದೆ ಎರಡನೇ ಸಲ ಊರನ್ನ ಮೋಸ ಮಾಡಲ್ಲ ಅಂದ. ಹಾಗಾದರೆ ವೋಲ್ಫ್ರಮ್ ಮನೆಯಿಂದ ಯಾರು ಅಂತ ಕೇಳಿದರು. ಟೋಪಿ ತಗೊಂಡು ಮನೆಗೆ ಬಂದುಬಿಟ್ಟ. ಯಾರೂ ಬರದಿದ್ದರೆ ನಮ್ಮ ಹಕ್ಕು ಇನ್ನೊಂದು ಮನೆಗೆ ಹೋಗುತ್ತೆ.

ನಾನು ನಿನ್ನನ್ನ ಏನೂ ಕೇಳಲ್ಲ. ಕೇಳಬೇಕಾದವನು ಮೇಜಿನ ಮುಂದೆ ಕೂತು ಪೆನ್ನು ಕಚ್ಚುತ್ತಾ ಇದಾನೆ. ಆಗಲೇ ಒಂದು ಕಟ್ಟು ಹಾಳೆ ಒಲೆಗೆ ಹೋಯ್ತು. ಇವತ್ತು ಸೌದೆ ಉಳೀತು ನಂಗೆ.

ಅಜ್ಜಿ

—

ಮೇಯರ್ ಕಚೇರಿ, ಎರ್ಲನ್‌ರೀಟ್
ಮಾರ್ಚ್ ೨೫, ೧೯೫೬

ಆಫ್ರಾ,

ವಿಷಯ: ಏಪ್ರಿಲ್ ೧೬ರ ಸರದಿ.

ಸದರಿ ದಿನಾಂಕದಂದು ನಮ್ಮ ಮನೆಗೆ ಊರಭಟ್ಟಿಯನ್ನು ಬಿಟ್ಟುಕೊಡಲಾಗಿರುತ್ತದೆ. ಮೊಳಕೆ ಬಾರ್ಲಿ ದಾಸ್ತಾನು ಇದೆ. ಹಾಪ್ಸ್ ಕಳೆದ ವರ್ಷದ್ದು, ನೋಡುವುದಕ್ಕೆ ಚೆನ್ನಾಗಿದೆ. ವಾಸನೆ ಬಗ್ಗೆ ಹೇಳಲು ನಾನು ಅರ್ಹನಲ್ಲ.

ಈ ಕಚೇರಿಯ ಹಾಳೆ ಬಿಟ್ಟರೆ ಬೇರೆ ಹಾಳೆಯಲ್ಲಿ ನನಗೆ ಬರೆಯುವುದಕ್ಕೆ ಬರುವುದಿಲ್ಲ. ತಪ್ಪು ತಿಳಿಯಬೇಡ.

ನೀನು ಬಾಟಲಿಯಲ್ಲಿ ಕೋಸು ಹಿಡಿದ ದಿನ ನಾನು ಭಟ್ಟಿಮನೆಗೆ ಹೋಗಿ ಕೊಪ್ಪರಿಗೆ ಪಕ್ಕ ನಿಂತೆ. ಬೆಂಕಿ ಇರಲಿಲ್ಲ. ವೆಂಡೆಲಿನ್ ನಿಲ್ಲಬೇಕಾಗಿದ್ದ ಕಡೆ ನೋಡಿದೆ. ಅವನು ಬಂದರೆ ಜಾಗ ಇರಬೇಕು ಅಂತ ಹನ್ನೆರಡು ವರ್ಷ ಯಾರನ್ನೂ ಅಲ್ಲಿ ನಿಲ್ಲಿಸಲಿಲ್ಲ. ನೀನು ಅಲ್ಲಿ ನಿಂತರೆ ಅವನು ಬರುವುದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ ಅಂದುಕೊಂಡಿದ್ದೆ. ಅದಕ್ಕೆ ಜಾಗ ಇಲ್ಲ ಅಂದೆ. ಜಾಗ ಇತ್ತು.

ನನಗೆ ಕೈ ಇದೆ, ಬೆನ್ನು ಇದೆ, ಬೆಂಕಿಯ ಹದ ಗೊತ್ತು. ಮೂಗಿಲ್ಲ. ನೀನು ಬಂದು ಬೇಯಿಸಬೇಕು. ಸಹಾಯಕ್ಕೆ ಅಲ್ಲ. ಮನೆಯ ಹೆಸರಿನಲ್ಲಿ, ನೀನೇ.

ನಿನ್ನ ಗಂಡನೂ ಬರಲಿ. ಮದುವೆಗೆ ನಾನು ಬರಬೇಕಿತ್ತು.

ಇಂತು,
ಕ್ವಿರಿನ್ ವೋಲ್ಫ್ರಮ್
ಮೇಯರ್

—

ಸೊಮ್ಮರ್‌ಬಾಖ್
ಮಾರ್ಚ್ ೨೯, ೧೯೫೬

ಅಪ್ಪಾ,

ವಿಷಯ: ಅದೇ.

ಹಾಪ್ಸ್ ಚೀಲವನ್ನು ಈಗಲೇ ಒಲೆಯ ಕೋಣೆಯಿಂದ ತೆಗೆದು ಅಟ್ಟಕ್ಕೆ ಹಾಕಿ. ನೀವು ಯಾವಾಗಲೂ ಅಲ್ಲೇ ಇಡುತ್ತೀರಿ, ಯಾವಾಗಲೂ ತಪ್ಪು. ತೊಟ್ಟಿಗಳನ್ನು ಸುಣ್ಣದಿಂದ ತೊಳೆಸಿ, ಕುದಿನೀರು ಹೊಯ್ಯಿಸಿ, ಆಮೇಲೆ ಮತ್ತೆ ಸುಣ್ಣ. ಅಜ್ಜಿ ಭಟ್ಟಿಮನೆಯೊಳಗೆ ನಶ್ಯ ಏರಿಸಬಾರದು. ಇದನ್ನು ನೀವೇ ಅವರಿಗೆ ಹೇಳಿ, ಮೇಯರ್ ಅಧಿಕಾರ ಬಳಸಿ.

ಹೆಪ್ಪು ಬಾಬೆಟ್ ಅತ್ತೆಯ ಮನೆಯದೇ ಬೇಕು. ಬೇರೆ ಮನೆಯದು ತಂದಿಟ್ಟರೆ ನಾನು ಬೇಯಿಸುವುದಿಲ್ಲ. ಅವರು ಮಡಕೆ ಹಿಡಿದುಕೊಂಡು ಹಾಡುಹಗಲಲ್ಲಿ ಬೀದಿ ದಾಟಿ ಬರಲಿ, ಹುಟ್ಸ್ಲರ್ ಅಂಗಡಿಯ ಮುಂದೆ ಹಾದು. ಮೂಸುವುದು ನಾನು, ಬೈಗುಳ ಬಂದರೆ ಅದೂ ನನಗೇ. ಕೋಸು ಮಾತ್ರ ಅಡುಗೆಮನೆಯಲ್ಲೇ ಇರಲಿ.

ನಮ್ಮ ಬಳ್ಳಿಗಳಲ್ಲಿ ಬಹುಪಾಲು ಸತ್ತಿವೆ. ಲೋಥರ್ ಬೇರು ಕಿತ್ತು ಕಿತ್ತು ಕೈ ಬೊಬ್ಬೆ ಮಾಡಿಕೊಂಡಿದ್ದಾನೆ. ನಿಮ್ಮ ಕಾಗದ ಓದಿ ಹೇಳಿದೆ. ಮೂಟೆ ಹೊರುವುದಕ್ಕೆ ಬರುತ್ತೇನೆ, ಆದರೆ ಬಿಯರ್ ಚೆನ್ನಾಗಿದೆ ಅಂತ ಹೇಳು ಅಂತ ಯಾರೂ ಬಲವಂತ ಮಾಡಬಾರದು ಅಂದ. ಅವನು ಕುಡಿದ ಮೇಲೆ ನೋಡೋಣ.

ವೆಂಡೆಲಿನ್ ಬಗ್ಗೆ ಬರೆಯುವುದಕ್ಕೆ ನನಗೂ ಬರುವುದಿಲ್ಲ. ಬಂದು ಕೂತು ಮಾತಾಡೋಣ. ಬೆಂಕಿ ಹಚ್ಚಿದ ಮೇಲೆ ಕುದಿಯುವವರೆಗೂ ಹೊತ್ತು ಇರುತ್ತದಲ್ಲ.

ಹದಿನಾಲ್ಕನೇ ತಾರೀಖು ಶನಿವಾರ, ಮಧ್ಯಾಹ್ನದ ರೈಲು. ಸ್ಟೇಷನ್ನಿಗೆ ಬ್ಯಾಂಡು ಗೀಂಡು ತರಬೇಡಿ. ಮೇಯರ್ ಬರುವುದೇ ಬೇಡ.

ಅಪ್ಪ ಬರಲಿ.

ಆಫ್ರಾ